ವೈದ್ಯವಿದ್ಯೆಯ ಸೀಟೂ ಮನೆಯ ಲೆಕ್ಕವೂ

ಪ್ರತಿವರ್ಷವೂ ಶ್ರಾವಣ ಭಾದ್ರಪದಗಳು ಬಂದುವೆಂದರೆ ನಮ್ಮ ವಿದ್ಯಾನಗರದಲ್ಲಿ ಗೌರೀಗಣೇಶರ ಮಾತಿಗಿಂತಲೂ ಹೆಚ್ಚಾಗಿ ಕೇಳಿಬರತಕ್ಕುದು ವೈದ್ಯಕಾಲೇಜಿನ ಸೀಟಿನ ಮಾತು. ಯಾರ ಮಗನಿಗೆ ಎಷ್ಟನೆಯ ಶ್ರೇಯಾಂಕ ಬಂದಿತು, ಯಾರ ಮಗಳು ಯಾವ ಊರಿನ ಕಾಲೇಜನ್ನು ಮೊದಲು ಬರೆದಳು ಎಂಬುದನ್ನು ಹಾಲು ಕೊಳ್ಳುವ ಸ್ಥಳದಲ್ಲಿಯೂ ಚರ್ಚಿಸುವರು. ಆದರೆ ಹಣದ ಮಾತು ಬಂದೊಡನೆ ಎಲ್ಲರ ದನಿಯೂ ತಗ್ಗುವುದು. ಸೀಟು ಬಂದ ಸಂತೋಷವನ್ನು ಬೀದಿಗೆಲ್ಲಾ ಸಕ್ಕರೆ ಹಂಚಿ ತಿಳಿಸುವ ಗೃಹಸ್ಥನು, ಅದರ ಶುಲ್ಕವನ್ನು ಎಲ್ಲಿಂದ ತರುವೆನೆಂಬುದನ್ನು ಹೆಂಡತಿಗೂ ಹೇಳದೆ ರಾತ್ರಿಯೆಲ್ಲಾ ಹೊರಳಾಡುತ್ತಿರುವುದುಂಟು. ಆ ತಗ್ಗಿದ ದನಿಯ ವಿಷಯವನ್ನೇ ಈ ತಿಂಗಳು ಸ್ವಲ್ಪ ಗಟ್ಟಿಯಾಗಿ ಮಾತನಾಡೋಣವೆಂದು ನನ್ನ ಅಪೇಕ್ಷೆ. ವ್ಯಾಕರಣ ಹೇಳಿಕೊಡುತ್ತಿದ್ದ ಉಪಾಧ್ಯಾಯನಿಗೆ ಇದರ ಗೊಡವೆಯೇಕೆಂದು ಕೇಳುವವರಿದ್ದರೆ, ನೆರೆಹೊರೆಯ ಮಕ್ಕಳ ಅರ್ಜಿಗಳನ್ನು ಓದಿ ತಿದ್ದುವ ಕೆಲಸವು ನಿವೃತ್ತಿಯಾದ ಮೇಲೆ ತಾನಾಗಿಯೇ ನನ್ನ ಪಾಲಿಗೆ ಬಂದಿರುವುದೆಂದು ಅರಿಕೆ.

ಒಂದಾನೊಂದು ಕಾಲಕ್ಕೆ ಮೈಸೂರು ಸಂಸ್ಥಾನದ ಹುಡುಗನು ವೈದ್ಯಪದವಿಯನ್ನು ತನ್ನ ನಾಡಿನಲ್ಲಿಯೇ ಪಡೆಯಬೇಕಾದರೆ ಇದ್ದುದು ಒಂದೇ ಕಾಲೇಜು. ಅದು ೧೯೨೪ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ ೧೯೩೦ರಲ್ಲಿ ಮೈಸೂರಿಗೆ ಹೋಯಿತು. ಆಗ ಸೀಟು ದೊರೆಯುವ ಕಷ್ಟವಿತ್ತೇ ಹೊರತು ಆರಿಸುವ ಕಷ್ಟವಿರಲಿಲ್ಲ. ಈಗಲಾದರೋ ನಮ್ಮ ದಾವಣಗೆರೆಯೊಂದರಲ್ಲಿಯೇ ೧೯೬೫ರ ಜಯದೇವ ಮುರುಘರಾಜೇಂದ್ರ ಕಾಲೇಜೂ ೨೦೦೬ರ ಶಾಮನೂರು ಶಿವಶಂಕರಪ್ಪನವರ ಹೆಸರಿನ ಸಂಸ್ಥೆಯೂ ಇವೆ. ಇವೆರಡೂ ೧೯೫೮ರಲ್ಲಿ ಹುಟ್ಟಿದ ಬಾಪೂಜಿ ವಿದ್ಯಾಸಂಸ್ಥೆಯವು. ಶಿವಮೊಗ್ಗದಲ್ಲಿ ೨೦೦೭ರಿಂದ, ಹಾವೇರಿಯಲ್ಲಿ ೨೦೨೨ರಿಂದ, ಚಿತ್ರದುರ್ಗದಲ್ಲಿ ೨೦೨೩ರಿಂದ ಸರಕಾರೀ ಕಾಲೇಜುಗಳು ನಡೆಯುತ್ತಿವೆ. ಒಳ್ಳೆಯ ಶ್ರೇಯಾಂಕ ಪಡೆದ ಮಗುವಿಗೆ ನಾಲ್ಕು ದಿಕ್ಕಿನಲ್ಲಿಯೂ ಬಾಗಿಲು ಕಾಣುವುದು. ಯಾವ ಬಾಗಿಲನ್ನು ತಟ್ಟುವುದೆಂಬುದೇ ಚಿಂತೆ.

ಅಮೇರಿಕಾ ದೇಶದಲ್ಲಿ ನೆಲೆಸಿರುವ ನಮ್ಮ ಕನ್ನಡ ಸಂಸಾರಗಳಲ್ಲಿ ಈ ಚಿಂತೆಯ ಬಗೆಯೇ ಬೇರೆ. ಅಲ್ಲಿ ವಿದ್ಯಾರ್ಥಿಯು ಹತ್ತಾರು ಕಾಲೇಜುಗಳಿಗೆ ಬರೆಯುವನು. ಮೂರು ನಾಲ್ಕು ಕಡೆಗಳಿಂದ ಒಪ್ಪಿಗೆಯ ಪತ್ರಗಳು ಬರಬಹುದು. ಪ್ರತಿಯೊಂದು ಕಾಲೇಜೂ ತಾನು ಇಷ್ಟು ಸಹಾಯಧನ ಕೊಡುವೆನೆಂದು ತಿಳಿಸುವುದು. ಅವನ್ನೆಲ್ಲಾ ಎದುರಿಗಿಟ್ಟುಕೊಂಡು ತೂಗಿ ವಸಂತಕಾಲ ಮುಗಿಯುವುದರೊಳಗಾಗಿ ಒಂದನ್ನು ಉಳಿಸಿಕೊಳ್ಳುವನು. ನ್ಯೂಯಾರ್ಕಿನ ಒಂದು ವಿಶ್ವವಿದ್ಯಾನಿಲಯವು ೨೦೧೮ರಲ್ಲಿ ತನ್ನ ವೈದ್ಯವಿದ್ಯಾರ್ಥಿಗಳೆಲ್ಲರಿಗೂ ಬೋಧನಾಶುಲ್ಕವನ್ನು ಮಾಫಿ ಮಾಡಿತು; ಅದೇ ನಗರದ ಐನ್‌ಸ್ಟೈನ್ ವೈದ್ಯಕಾಲೇಜಿಗೆ ೨೦೨೪ರಲ್ಲಿ ರೂತ್ ಗಾಟ್ಸ್‌ಮನ್ ಎಂಬ ವೃದ್ಧ ಮಹಿಳೆಯು ನೂರು ಕೋಟಿ ಡಾಲರುಗಳನ್ನು ಕೊಟ್ಟುದರಿಂದ ಅಲ್ಲಿಯೂ ಹಾಗೆಯೇ ಆಯಿತು. ನಮ್ಮಲ್ಲಿ ಒಪ್ಪಿಗೆಯ ಪತ್ರಗಳು ಕಟ್ಟುಕಟ್ಟಾಗಿ ಬರುವುದಿಲ್ಲ. ಪರೀಕ್ಷಾ ಪ್ರಾಧಿಕಾರದ ಪಟ್ಟಿಯಲ್ಲಿ ನಾವು ಮೊದಲೇ ಇಚ್ಛೆಯ ಕ್ರಮವನ್ನು ಬರೆದುಕೊಡಬೇಕು. ಶ್ರೇಯಾಂಕಕ್ಕೆ ಎಟಕುವವುಗಳಲ್ಲಿ ನಾವು ಮೇಲೆ ಬರೆದುದು ದೊರೆಯುವುದು, ಕೆಳಗಿನವೆಲ್ಲಾ ಅಳಿಸಿಹೋಗುವುವು. ಅಂದರೆ ತೂಗುವ ಕೆಲಸವನ್ನು ಸೀಟು ಬಂದ ಮೇಲೆ ಮಾಡುವಂತಿಲ್ಲ. ಪಟ್ಟಿ ಬರೆಯುವಾಗಲೇ ಮಾಡತಕ್ಕದ್ದು. ಇದನ್ನು ಅರಿಯದೆ, ಮೊದಲು ಎಲ್ಲವನ್ನೂ ಬರೆದುಬಿಡೋಣ, ಹಣದ ಮಾತು ಆಮೇಲೆ, ಎನ್ನುವವರೇ ಹೆಚ್ಚು.

ಈ ತೂಕವು ಹೇಗಿರುವುದೆಂಬುದಕ್ಕೆ ಹರಿಹರದ ಒಂದು ಮನೆಯ ಲೆಕ್ಕವನ್ನು ಹೇಳುವೆನು. ತಂದೆಗೆ ಯಂತ್ರದ ಕಾರ್ಖಾನೆಯ ಕೆಲಸ ಹೋಗಿ ಬಹುಕಾಲವಾಯಿತು. ಈಗ ಒಂದು ಸಣ್ಣ ಅಂಗಡಿ. ಮಗಳ ಶ್ರೇಯಾಂಕಕ್ಕೆ ಎರಡು ಸೀಟುಗಳು ಎಟಕುವಂತಿದ್ದುವು: ಒಂದು, ಪಕ್ಕದ ಜಿಲ್ಲೆಯ ಹೊಸ ಸರಕಾರೀ ಕಾಲೇಜಿನಲ್ಲಿ, ಇನ್ನೊಂದು, ದಾವಣಗೆರೆಯ ಖಾಸಗಿ ಕಾಲೇಜಿನ ಸರಕಾರೀ ಪಾಲಿನಲ್ಲಿ. ಸರಕಾರೀ ಕಾಲೇಜಿನ ಶುಲ್ಕವು ವರ್ಷಕ್ಕೆ ಅರುವತ್ತು ಸಾವಿರದ ಆಸುಪಾಸು. ಖಾಸಗಿ ಕಾಲೇಜಿನಲ್ಲಿ ಸರಕಾರದ ಪಾಲಿನ ಸೀಟಿಗೆ ಸುಮಾರು ಒಂದೂವರೆ ಲಕ್ಷ. ಇದನ್ನು ಕೇಳಿದ ಬಂಧುಗಳೆಲ್ಲರೂ ಒಂದೇ ಬಾಯಲ್ಲಿ, ಇದರಲ್ಲಿ ಯೋಚನೆಯೇನು, ಅಗ್ಗವಾದುದನ್ನೇ ಮೇಲೆ ಬರೆ, ಎಂದರು. ಆದರೆ ಹುಡುಗಿಯ ತಾಯಿ ಕಾಗದ ಪೆನ್ಸಿಲು ತೆಗೆದುಕೊಂಡು ಕುಳಿತರು. ಪರಸ್ಥಳದಲ್ಲಿ ವಿದ್ಯಾರ್ಥಿನಿಲಯ, ಊಟ, ಹೋಗಿಬರುವ ಖರ್ಚು ಇವೆಲ್ಲಾ ಸೇರಿ ವರ್ಷಕ್ಕೆ ಎಂಬತ್ತು ಸಾವಿರಕ್ಕೆ ಕಡಿಮೆಯಾಗದು. ಹರಿಹರದಿಂದ ದಾವಣಗೆರೆಗೆ ಹದಿನಾಲ್ಕು ಕಿಲೋಮೀಟರು, ಬಸ್ಸಿನಲ್ಲಿ ಹೋಗಿ ಬಂದರೆ ಬುತ್ತಿಯೂ ಮನೆಯದೇ, ವರ್ಷಕ್ಕೆ ಹದಿನೈದು ಸಾವಿರ ಸಾಕು. ಒಂದು ಕಡೆ ೧,೪೦,೦೦೦. ಇನ್ನೊಂದು ಕಡೆ ೧,೬೫,೦೦೦. ತೊಂಬತ್ತು ಸಾವಿರವೆಂದು ಕಂಡ ಅಂತರವು ಇಪ್ಪತ್ತೈದು ಸಾವಿರಕ್ಕೆ ಇಳಿಯಿತು.

ಇಲ್ಲಿಗೇ ಲೆಕ್ಕವು ಮುಗಿಯಲಿಲ್ಲ. ಸಹಾಯಧನದ ಮಾತು ಬಂದೊಡನೆ ತಕ್ಕಡಿ ಮತ್ತೊಮ್ಮೆ ತೂಗಿತು. ಏತಕ್ಕೆಂದರೆ, ದೊರೆಯುವ ಸಹಾಯದಲ್ಲಿ ಕೆಲವು ಶುಲ್ಕಕ್ಕೆ ಮಾತ್ರ ಸಲ್ಲುವುವು, ಕೆಲವು ಊಟವಸತಿಗೆ ಮಾತ್ರ ಸಲ್ಲುವುವು. ಶುಲ್ಕವನ್ನು ಮರಳಿ ಕೊಡುವ ವಿದ್ಯಾರ್ಥಿವೇತನಕ್ಕೆ ಅರ್ಹರಾದವರಿಗೆ ಶುಲ್ಕ ಹೆಚ್ಚಿದ್ದರೂ ಮನೆಯ ಹತ್ತಿರವಿರುವ ಕಾಲೇಜು ಹಗುರವಾಗಬಹುದು. ಸರಕಾರೀ ವಿದ್ಯಾರ್ಥಿನಿಲಯದಲ್ಲಿ ಸ್ಥಳ ಸಿಕ್ಕದ ಹಿಂದುಳಿದ ವರ್ಗದ ಮಕ್ಕಳಿಗೆಂದು ೨೦೧೩-೧೪ರಲ್ಲಿ ಆರಂಭವಾದ ವಿದ್ಯಾಸಿರಿಯು ಆಗ ತಿಂಗಳಿಗೆ ೧,೫೦೦ ರೂಪಾಯಿಯಂತೆ ಹತ್ತು ತಿಂಗಳ ಲೆಕ್ಕದ್ದಾಗಿತ್ತು. ಅದು ಪರಸ್ಥಳದಲ್ಲಿರುವವರಿಗೇ ಉಪಯುಕ್ತವಾದುದು. ಆದುದರಿಂದ ಯಾವ ಸೀಟು ಅಗ್ಗವೆಂಬುದು, ಆ ಮನೆಗೆ ಯಾವ ಸಹಾಯ ಸಲ್ಲುವುದೆಂಬುದನ್ನು ತಿಳಿಯುವ ಮೊದಲು ಹೇಳಲು ಬರುವ ಮಾತಲ್ಲ.

ಹಣದ ಹೊರತಾಗಿ ತೂಗಬೇಕಾದುದೂ ಒಂದಿದೆ, ಅದನ್ನು ಕಟ್ಟಡ ನೋಡಿ ತಿಳಿಯಲಾಗದು. ವೈದ್ಯವಿದ್ಯೆಯನ್ನು ಹುಡುಗರು ಕಲಿಯುವುದು ಅರ್ಧ ಪುಸ್ತಕದಿಂದ, ಅರ್ಧ ರೋಗಿಯ ಮಗ್ಗುಲಲ್ಲಿ. ನಮ್ಮ ಊರಿನ ಚಿಗಟೇರಿ ಆಸ್ಪತ್ರೆಯ ಮುಂದೆ ಬೆಳಗ್ಗೆ ಒಂದು ಗಳಿಗೆ ನಿಂತರೆ ಸುತ್ತಣ ಹಳ್ಳಿಗಳಿಂದ ಬಂದ ಜನರ ಸಾಲು ಕಾಣುವುದು. ಆ ಸಾಲೇ ವಿದ್ಯಾರ್ಥಿಯ ನಿಜವಾದ ಗ್ರಂಥಭಂಡಾರ. ಹೊಸ ಕಾಲೇಜನ್ನು ಆರಿಸುವವರು ಅದರ ಗೋಡೆಯ ಬಣ್ಣವನ್ನು ಬಿಟ್ಟು, ಹೆರಿಗೆಯ ವಾರ್ಡಿನಲ್ಲಿ, ಮಕ್ಕಳ ವಾರ್ಡಿನಲ್ಲಿ ಮಂಚಗಳು ತುಂಬಿವೆಯೇ ಎಂದು ಹೋಗಿ ನೋಡಿ ಬರತಕ್ಕದ್ದು. ಒಂದು ದಿನದ ಬಸ್ಸಿನ ಖರ್ಚು ಅಷ್ಟೆ.

ಇನ್ನು ಸಂಕೋಚದ ಮಾತು. ಹರಿಹರದ ಆ ತಂದೆಯು ಆದಾಯದ ಪ್ರಮಾಣಪತ್ರಕ್ಕಾಗಿ ನಾಡಕಚೇರಿಗೆ ಹೋಗಲು ಬಹಳ ಹಿಂಜರಿದರು. ಬಡವನೆಂದು ಬರೆಯಿಸಿಕೊಂಡು ಬಂದು ಮಗಳ ಕೈಗೆ ಕೊಡಬೇಕೆ, ಎಂದರು. ಈ ಮಾತು ಹೊಸದಲ್ಲ; ಮಾನಸ್ಥರ ಮನೆಗಳಲ್ಲೆಲ್ಲಾ ಇದೇ ಮುಳ್ಳು. ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ವಾರಾನ್ನದ ಮನೆಗಳಲ್ಲಿ ಉಂಡು ಓದಿದವರು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ನಮ್ಮ ಊರಿನ ವೈದ್ಯಕಾಲೇಜು ಯಾರ ಹೆಸರನ್ನು ಹೊತ್ತಿರುವುದೋ ಆ ಜಯದೇವ ಸ್ವಾಮಿಗಳು ಊರೂರುಗಳಲ್ಲಿ ಉಚಿತ ವಿದ್ಯಾರ್ಥಿನಿಲಯಗಳನ್ನು ಸ್ಥಾಪಿಸಿದವರು. ಅಲ್ಲಿ ಉಂಡವರಾರೂ ತಮ್ಮನ್ನು ಭಿಕ್ಷುಕರೆಂದು ಎಣಿಸಿಕೊಳ್ಳಲಿಲ್ಲ. ವ್ಯಾಕರಣದವನಾದುದರಿಂದ ಒಂದು ಮಾತು ಹೇಳಿದರೆ ವಾಚಕರು ಕ್ಷಮಿಸಬೇಕು: ಪಾಣಿನಿಯ ಶಾಸ್ತ್ರದಲ್ಲಿ ದಾನವನ್ನು ಪಡೆಯುವವನಿಗೆ ಚತುರ್ಥೀ ವಿಭಕ್ತಿ, ಸಾಲ ಹೊತ್ತವನ ವಿಷಯ ಹೇಳುವಾಗ ಸಾಲ ಕೊಟ್ಟವನಿಗೂ ಅದೇ ಚತುರ್ಥಿ. ಇಬ್ಬರಿಗೂ ಸಂಪ್ರದಾನವೆಂಬ ಒಂದೇ ಸಂಜ್ಞೆ. ಇಂದು ಪಡೆಯುವವನು, ನಾಳೆ ಪಡೆಯಬೇಕಾದವನು, ಇವರನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿದ ಆ ಮುನಿಯ ಲೋಕಜ್ಞಾನವು ಸಾಮಾನ್ಯವಲ್ಲ. ಇದನ್ನು ಆ ತಂದೆಗೆ ಹೇಳಿದೆನು; ಅವರು ನಕ್ಕರು, ಆದರೆ ಮರುದಿನ ನಾಡಕಚೇರಿಗೆ ಹೋದರು.

ಪ್ರಮಾಣಪತ್ರದಲ್ಲಿ ಇರುವ ಆದಾಯವನ್ನೇ ಬರೆಯಿಸತಕ್ಕದ್ದೆಂದು ಬೇರೆ ಹೇಳಬೇಕಾಗಿಲ್ಲವಾದರೂ ಹೇಳುತ್ತೇನೆ. ಸುಳ್ಳು ಪತ್ರದ ಬಲದಿಂದ ಒಬ್ಬನು ಪಡೆದ ಹಣವು ಇನ್ನೊಬ್ಬ ಹುಡುಗನ ತಟ್ಟೆಯಿಂದ ತೆಗೆದುದು.

ಸಹಾಯಗಳ ವಿಷಯದಲ್ಲಿ ಮುಖ್ಯವಾಗಿ ತಿಳಿಯಬೇಕಾದುದು ಕಾಲದ ವ್ಯತ್ಯಾಸ. ಶುಲ್ಕವನ್ನು ಸೀಟು ಗೊತ್ತಾದ ಕೆಲವೇ ದಿನಗಳಲ್ಲಿ ಕಟ್ಟಬೇಕು. ವಿದ್ಯಾರ್ಥಿವೇತನವು ಕೈಸೇರುವುದಕ್ಕೆ ತಿಂಗಳುಗಳು ಹಿಡಿಯುವುವು. ಪರಿಶಿಷ್ಟ ವರ್ಗದವರಿಗೂ ಹಿಂದುಳಿದ ವರ್ಗದವರಿಗೂ ಇರುವ ವೇತನಗಳಿಗೆ ರಾಜ್ಯದ ವಿದ್ಯಾರ್ಥಿವೇತನದ ಜಾಲತಾಣದಲ್ಲಿ ಅರ್ಜಿ. ೨೦೨೧ರಲ್ಲಿ ಪ್ರಕಟವಾದ ರೈತ ವಿದ್ಯಾನಿಧಿಯಲ್ಲಿ ರೈತರ ಮಕ್ಕಳಿಗೆ ವೈದ್ಯವಿದ್ಯೆಗೆ ವರ್ಷಕ್ಕೆ ಹುಡುಗರಿಗೆ ೧೦,೦೦೦, ಹುಡುಗಿಯರಿಗೆ ೧೧,೦೦೦ ರೂಪಾಯಿಗಳೆಂದು ಗೊತ್ತುಮಾಡಿದರು. ದೇವರಾಜ ಅರಸು ನಿಗಮವೂ ಅಲ್ಪಸಂಖ್ಯಾತರ ನಿಗಮವೂ ಕೊಡುವ ‘ಅರಿವು’ ಎಂಬ ಸಾಲಕ್ಕೆ ಬಡ್ಡಿಯು ನೂರಕ್ಕೆ ಎರಡು ಮಾತ್ರ. ಇಂಥ ಸಾಲವನ್ನು ಬಿಟ್ಟು ಬ್ಯಾಂಕಿಗೆ ಓಡುವುದು ಅವಿವೇಕ. ಬ್ಯಾಂಕಿನ ಸಾಲವೇ ಗತಿಯಾದಲ್ಲಿ, ಪಟ್ಟಿ ಬರೆಯುವ ಮೊದಲೇ ಮ್ಯಾನೇಜರರನ್ನು ಕಂಡು, ಇಂಥಿಂಥ ಕಾಲೇಜುಗಳಾದರೆ ಎಷ್ಟು ಕೊಡುವಿರಿ ಎಂದು ಕೇಳಿಟ್ಟುಕೊಳ್ಳಬೇಕು. ನಾಲ್ಕು ಲಕ್ಷದವರೆಗಿನ ವಿದ್ಯಾಸಾಲಕ್ಕೆ ಅಡಮಾನ ಕೇಳಕೂಡದೆಂದು ನಿಯಮವಿದೆ. ೨೦೧೫ರಿಂದ ಏಳೂವರೆ ಲಕ್ಷದವರೆಗೆ ಸರಕಾರವೇ ಖಾತರಿ ನಿಲ್ಲುವ ಏರ್ಪಾಡೂ ಇದೆ. ೨೦೨೪ರ ನವೆಂಬರಿನಲ್ಲಿ ಕೇಂದ್ರವು ಮಂಜೂರು ಮಾಡಿದ ಪ್ರಧಾನಮಂತ್ರಿ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಎಂಟು ಲಕ್ಷದೊಳಗಿನ ಆದಾಯದವರಿಗೆ ಹತ್ತು ಲಕ್ಷದವರೆಗಿನ ಸಾಲದ ಬಡ್ಡಿಯಲ್ಲಿ ನೂರಕ್ಕೆ ಮೂರನ್ನು, ಓದುವ ಕಾಲದಲ್ಲಿ, ಸರಕಾರವು ಭರಿಸತಕ್ಕದ್ದು. ಆದರೆ ಅದು ಆಯ್ದ ಕಾಲೇಜುಗಳಿಗೆ ಮಾತ್ರ. ನೀವು ಮೇಲೆ ಬರೆಯಬೇಕೆಂದಿರುವ ಕಾಲೇಜು ಆ ಪಟ್ಟಿಯಲ್ಲಿದೆಯೇ ಎಂಬುದೂ ತೂಕದ ಒಂದು ಕಲ್ಲು.

ಖಾಸಗಿ ಕಾಲೇಜಿನ ಖಾಸಗಿ ಪಾಲಿನ ಸೀಟು ವರ್ಷಕ್ಕೆ ಹತ್ತು ಲಕ್ಷವನ್ನು ಮೀರಿದುದು. ಅದನ್ನು ಸಾಲದಿಂದ ಕೊಳ್ಳುವೆವೆನ್ನುವವರಿಗೆ ನಾನು ದೊಡ್ಡ ಲೆಕ್ಕ ತೋರಿಸುವುದಿಲ್ಲ, ಸಣ್ಣದನ್ನೇ ತೋರಿಸುವೆನು. ವರ್ಷಕ್ಕೆ ಎರಡೇ ಲಕ್ಷದಂತೆ ಐದು ವರ್ಷ ಸಾಲ ತೆಗೆದರೆ ಅಸಲು ಹತ್ತು ಲಕ್ಷ. ನೂರಕ್ಕೆ ಹತ್ತರ ಸರಳಬಡ್ಡಿಯೆಂದು ಇಟ್ಟುಕೊಂಡರೂ, ಓದು ಮುಗಿಯುವ ಐದೂವರೆ ವರ್ಷ, ಆಮೇಲೆ ವಿನಾಯಿತಿಯ ಒಂದು ವರ್ಷ, ಇಷ್ಟರಲ್ಲಿ ಬಡ್ಡಿಯೇ ನಾಲ್ಕೂವರೆ ಲಕ್ಷವಾಗುವುದು. ಆ ಹದಿನಾಲ್ಕೂವರೆ ಲಕ್ಷವನ್ನು ಹದಿನೈದು ವರ್ಷ ಕಂತುಗಳಲ್ಲಿ ತೀರಿಸಿದರೆ ತಿಂಗಳಿಗೆ ಸುಮಾರು ೧೫,೬೦೦ ರೂಪಾಯಿ. ಒಟ್ಟು ಕಟ್ಟಿದುದು ಇಪ್ಪತ್ತೆಂಟು ಲಕ್ಷ. ನಮ್ಮ ಸ್ಮೃತಿಕಾರರು ಒಂದೇ ಸಲ ವಸೂಲು ಮಾಡುವ ಬಡ್ಡಿಯು ಅಸಲನ್ನು ಮೀರಕೂಡದೆಂದು ಕಟ್ಟು ಮಾಡಿದ್ದರು. ಕಂತಿನ ಬಡ್ಡಿಯು ಆ ಕಟ್ಟಿಗೆ ಸಿಕ್ಕುವುದಿಲ್ಲ. ಓದುತ್ತಿರುವಾಗಲೇ ತಿಂಗಳುತಿಂಗಳ ಬಡ್ಡಿಯನ್ನಾದರೂ ಕಟ್ಟುತ್ತಾ ಬರುವ ಶಕ್ತಿ ಮನೆಗಿದ್ದರೆ ಈ ಭಾರವು ಬಹಳ ಮಟ್ಟಿಗೆ ಇಳಿಯುವುದು.

ಸೀಟಿಗೆ ಬೆಲೆ ಕಟ್ಟುವ ಜಗಳವು ನಮ್ಮ ನಾಡಿನದೇ. ೧೯೮೯ರಲ್ಲಿ ಸರಕಾರವು ಖಾಸಗಿ ವೈದ್ಯಕಾಲೇಜುಗಳಿಗೆ ಸರಕಾರೀ ಸೀಟಿಗೆ ೨,೦೦೦, ನಾಡಿನ ಇತರರಿಗೆ ೨೫,೦೦೦, ಹೊರನಾಡಿನವರಿಗೆ ೬೦,೦೦೦ದವರೆಗೆ ವಾರ್ಷಿಕ ಶುಲ್ಕವೆಂದು ಗೊತ್ತುಮಾಡಿತ್ತು. ಮೀರತ್ತಿನ ಮೋಹಿನಿ ಜೈನ್ ಎಂಬಾಕೆಯು ತುಮಕೂರಿನ ಕಾಲೇಜಿನ ವಿಷಯವಾಗಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದಳು. ೧೯೯೨ರಲ್ಲಿ ತಲೆಗಂದಾಯವು ಕೂಡದೆಂದು ತೀರ್ಪಾಯಿತು. ಮರುವರ್ಷ ಉಣ್ಣಿಕೃಷ್ಣನ್ ಮೊಕದ್ದಮೆ, ೧೯೯೪ರಲ್ಲಿ ನಮ್ಮ ಸಾಮಾನ್ಯ ಪ್ರವೇಶಪರೀಕ್ಷೆ, ೨೦೦೨ರಲ್ಲಿ ಮಣಿಪಾಲದ ಪೈ ಪ್ರತಿಷ್ಠಾನದ ಮೊಕದ್ದಮೆ, ಹೀಗೆ ತಿರುಗಿ ತಿರುಗಿ ಇಂದಿನ ಪಾಲುಗಳಿಗೆ ಬಂದು ನಿಂತಿದೆ. ಬಡವರ ಮಗು ಖಾಸಗಿ ಕಾಲೇಜಿನಲ್ಲಿ ಒಂದೂವರೆ ಲಕ್ಷಕ್ಕೆ ಓದಬಲ್ಲುದಾದರೆ ಅದು ಈ ಜಗಳದ ಫಲ.

ಕಡೆಯದಾಗಿ, ಆ ತಾಯಿ ನನ್ನನ್ನು ಕೇಳಿದ ಪ್ರಶ್ನೆ. ಮೊದಲ ವರ್ಷದ ಶುಲ್ಕ ಕಟ್ಟುವುದಕ್ಕೆ ತಮ್ಮ ಬಳೆಗಳನ್ನು ಮಾರಬಹುದೇ ಎಂದರು. ಮಾರಬೇಡಿರಿ, ಅಡವಿಡಿರಿ, ಎಂದೆನು. ಸಹಾಯದ ಹಣ ಬರುವವರೆಗಿನ ಕೆಲವು ತಿಂಗಳ ಕಂದಕವನ್ನು ದಾಟುವುದಕ್ಕೆ ಸೇತುವೆ ಸಾಕು, ಊರನ್ನೇ ಮಾರಬೇಕಾಗಿಲ್ಲ. ಜೊತೆಗೆ ಅವರ ಯಜಮಾನರಿಗೂ ಒಂದು ಮಾತು ಹೇಳಿದೆನು. ಯಾಜ್ಞವಲ್ಕ್ಯರು ಗಂಡನು ತೆಗೆದುಕೊಂಡ ಸ್ತ್ರೀಧನವನ್ನು ಮರಳಿ ಕೊಡದಿದ್ದರೂ ನಡೆಯುವ ಸಂದರ್ಭಗಳನ್ನು ಹೇಳಿರುವರು: ಬರಗಾಲ, ಧರ್ಮಕಾರ್ಯ, ರೋಗ, ಸೆರೆ. ಮಗಳ ಓದು ಧರ್ಮಕಾರ್ಯವಲ್ಲವೇ ಎಂದು ಅವರು ವಾದಕ್ಕೆ ನಿಂತರು. ಇರಬಹುದು, ಆದರೆ ವಿದ್ಯಾರ್ಥಿವೇತನದ ಹಣವು ಖಾತೆಗೆ ಬಂದ ದಿನವೇ ಬ್ಯಾಂಕಿಗೆ ಹೋಗಿ ಬಳೆಗಳನ್ನು ಬಿಡಿಸಿಕೊಂಡು ಬರತಕ್ಕದ್ದೆಂದೂ, ಅಡವಿನ ಚೀಟಿಯು ಅಲ್ಲಿಯವರೆಗೆ ತಾಯಿಯ ಪೆಟ್ಟಿಗೆಯಲ್ಲಿಯೇ ಇರತಕ್ಕದ್ದೆಂದೂ ಒಪ್ಪಂದವಾಯಿತು.