ಕಾಗದದ ಪೆಟ್ಟಿಗೆಗೆ ನಾಮಿನಿ ಯಾರು?

2024ರ ಆಗಸ್ಟ್‌ನಲ್ಲಿ ಕೇಂದ್ರ ಹಣಕಾಸು ಇಲಾಖೆ ಒಂದು ಸ್ಪಷ್ಟನೆ ಕೊಟ್ಟಿತು. ಸಲಿಂಗಿ, ಟ್ರಾನ್ಸ್‌ಜೆಂಡರ್ ಜನ ಜಂಟಿ ಖಾತೆ ತೆರೆಯೋಕೆ, ಸಂಗಾತಿಯನ್ನ ನಾಮಿನಿ ಮಾಡೋಕೆ ಯಾವ ಅಡ್ಡಿಯೂ ಇಲ್ಲ ಅಂತ. ಕೌಂಟರಿನಲ್ಲಿ ಕೂತು ದಿನಾ "ನಾಮಿನಿ ಯಾರು?" ಅಂತ ಕೇಳೋ ನನ್ನಂಥವನಿಗೆ ಇದು ದೊಡ್ಡ ಸುದ್ದಿ. (ನಾಮಿನಿ ಅಂದ್ರೆ ವಾರಸುದಾರ ಅಲ್ಲ, ಆ ಮಾತು ಬೇರೆ.) ಅಂತೂ ದುಡ್ಡು ಪಡೆಯೋಕೆ ಒಬ್ಬರು ಸಿಕ್ಕರು. ಆದರೆ ಅವರ ಪತ್ರ, ಫೋಟೋ, ಡೈರಿ, ಹಾಡಿನ ಕ್ಯಾಸೆಟ್? ಮನೆಯಿಂದ ಹೊರಗೆ ಹಾಕಿಸಿಕೊಂಡವರು ತೀರಿಕೊಂಡ ಮೇಲೆ ಆ ಪೆಟ್ಟಿಗೆ ಯಾರ ಕೈಗೆ ಹೋಗುತ್ತೆ? ಬಂಧುಗಳು ಬಂದರೂ ಬಂಗಾರ ಒಯ್ತಾರೆ, ಕಾಗದ ಒಲೆಗೆ ಹಾಕ್ತಾರೆ.

ಹಾಗಂತ ಇವರ ಬಗ್ಗೆ ಯಾರೂ ಏನೂ ಬರೆದಿಟ್ಟಿಲ್ಲ ಅನ್ನೋ ಹಾಗಿಲ್ಲ. ಪೊಲೀಸರು ಬರೆದಿದ್ದಾರೆ! ನಿಜಾಮರ ರಾಜ್ಯದಲ್ಲಿ ಫಸಲಿ 1329, ಅಂದರೆ 1919ರ ಹೊತ್ತಿಗೆ ಒಂದು ಕಾಯ್ದೆ ಬಂತು. ಹಿಜಡಾಗಳ ಹೆಸರು, ವಿಳಾಸದ ರಿಜಿಸ್ಟರ್ ಇಡಬೇಕು. ಅದರಲ್ಲಿ ಹೆಸರಿದ್ದವರು ಸೀರೆ ಉಟ್ಟು ಬೀದಿಗೆ ಬಂದರೆ, ಕುಣಿದರೆ, ವಾರಂಟ್ ಇಲ್ಲದೇ ಹಿಡೀಬಹುದು. ಆಗ ಕಲಬುರಗಿ, ಬೀದರ, ರಾಯಚೂರು, ನಾರಾಯಣಪೇಟೆ, ಜಹೀರಾಬಾದ್ ಎಲ್ಲಾ ಆ ರಾಜ್ಯದೊಳಗೇ ಇದ್ದವು. ತೆಲಂಗಾಣ ಹೈಕೋರ್ಟ್ ಆ ಕಾಯ್ದೆ ರದ್ದು ಮಾಡಿದ್ದು 2023ರ ಜುಲೈನಲ್ಲಿ. ಕರ್ನಾಟಕದವರು ಬೀಗೋದೂ ಬೇಡ, 2011ರಲ್ಲಿ ಇಲ್ಲಿನ ಪೊಲೀಸ್ ಕಾಯ್ದೆಗೂ 36ಎ ಅಂತ ಸೇರಿಸಿ ಅದೇ ಥರದ ರಿಜಿಸ್ಟರಿಗೆ ದಾರಿ ಮಾಡಿದ್ರು.

ಬರೀ ಇಂಥ ರಿಜಿಸ್ಟರ್ ನೋಡಿ ಇವರ ಇತಿಹಾಸ ಬರೆಯೋದು ಅಂದರೆ, ವಸೂಲಿ ನೋಟಿಸ್ ಒಂದನ್ನೇ ಓದಿ ರೈತನ ಬದುಕು ಬರೆದ ಹಾಗೆ.

ಅದಕ್ಕೇ ಸಂಗ್ರಹ ಬೇಕು ಅಂತೀನಿ. ಸಂಗ್ರಹದ ಬೆಲೆ ಏನು ಅಂತ ಅದನ್ನ ಸುಟ್ಟವರಿಗೆ ಚೆನ್ನಾಗಿ ಗೊತ್ತಿತ್ತು. ಬರ್ಲಿನ್ನಿನಲ್ಲಿ ಡಾಕ್ಟರ್ ಮ್ಯಾಗ್ನಸ್ ಹಿರ್ಷ್‌ಫೆಲ್ಡ್ 1919ರಲ್ಲಿ ಕಟ್ಟಿದ ಲೈಂಗಿಕ ವಿಜ್ಞಾನ ಸಂಸ್ಥೆಗೆ 1933ರ ಮೇ 6ರಂದು ನಾಜಿ ವಿದ್ಯಾರ್ಥಿಗಳು ನುಗ್ಗಿದರು. ನಾಲ್ಕೇ ದಿನಕ್ಕೆ ಅದರ ಗ್ರಂಥಾಲಯ ನಡುಬೀದಿಯಲ್ಲಿ ಬೂದಿ. ಎರಡು ವರ್ಷ ಹಿಂದೆ ಭಾರತಕ್ಕೂ ಬಂದು ಹೋಗಿದ್ದ ಆ ಮನುಷ್ಯ ಮತ್ತೆ ತನ್ನ ದೇಶಕ್ಕೆ ಕಾಲಿಡಲಿಲ್ಲ.

ನಮ್ಮ ಹತ್ತಿರದಲ್ಲೇ ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಲ್ಲಿ 'ಕಮ್ರಾ' ಅನ್ನೋ ಕ್ವಿಯರ್ ಆರ್ಕೈವ್ ಇದೆ. ಚಿತ್ರ ನಿರ್ದೇಶಕಿ ಟಿ. ಜಯಶ್ರೀ ವರ್ಷಗಟ್ಟಲೆ ಚಿತ್ರೀಕರಿಸಿಟ್ಟ ದೃಶ್ಯಗಳಿಂದ ಬೆಳೆದದ್ದು ಅದು. 377ರ ಕೋರ್ಟ್ ಹೋರಾಟದ ಕಾಗದಪತ್ರಗಳೂ ಅಲ್ಲಿವೆ. ಒಳ್ಳೇ ಕೆಲಸ. ಆದರೆ ಜತ್ತದ, ಅಕ್ಕಲಕೋಟದ ಜೋಗಪ್ಪನ ಪೆಟ್ಟಿಗೆ ತಾನಾಗೇ ಬೆಂಗಳೂರಿಗೆ ನಡಕೊಂಡು ಹೋಗಲ್ಲ. ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗೋ, ಚೌಡಕಿ ಹಿಡಿದು ಕನ್ನಡ, ಮರಾಠಿ ಎರಡರಲ್ಲೂ ಹಾಡೋ ಆ ಜನರ ಲೆಕ್ಕ ಯಾವ ರಾಜ್ಯದ ಪುಸ್ತಕಕ್ಕೆ ಬರುತ್ತೆ? ಗಡಿಯವರಾದ ನಮಗೆ ಈ ಪ್ರಶ್ನೆ ಬಿಡಿಸಿ ಹೇಳಬೇಕಿಲ್ಲ.

ಹುಡುಗರೇ, ಜಾತ್ರೆಯಲ್ಲಿ ಮೊಬೈಲ್ ಎತ್ತಿ ರೀಲ್ಸ್ ಮಾಡೋದು ಸಂಗ್ರಹ ಅಲ್ಲ. ಮೊದಲು ಅವರನ್ನ ಕೇಳಿ. ಯಾವ ಹೆಸರಿನಲ್ಲಿ ಬರೀಬೇಕು, ಯಾರಿಗೆ ತೋರಿಸಬಹುದು, ಯಾವುದು ಅವರು ಇರೋತನಕ ಮುಚ್ಚಿರಬೇಕು ಅಂತ ಅವರೇ ಹೇಳಲಿ. ಆರ್ಕೈವ್‌ಗಳಲ್ಲಿ ಇಂಥ ಷರತ್ತಿನ ಮೇಲೆ ಕಾಗದ ಇಡೋ ಪದ್ಧತಿ ಇದೆ. ನಮ್ಮ ಲಾಕರಿಗಿಂತ ಅಲ್ಲಿನ ಬೀಗ ಗಟ್ಟಿ ಇರಬೇಕು, ಯಾಕಂದ್ರೆ ಒಂದು ಹೆಸರು ಹೊರಬಿದ್ದರೆ ಒಬ್ಬರ ಬಾಡಿಗೆ ಮನೆ ಹೋಗಬಹುದು, ಕೆಲಸ ಹೋಗಬಹುದು.

ಇನ್ನೊಂದು ಸಣ್ಣ ಕೆಲಸ. ಪದ್ಮಶ್ರೀ ಮಂಜಮ್ಮ ಜೋಗತಿಯವರ ಬದುಕು 'ನಡುವೆ ಸುಳಿವ ಹೆಣ್ಣು' ಅಂತ ಪುಸ್ತಕವಾಗಿದೆ, ಅರುಣ್ ಜೋಳದಕೂಡ್ಲಿಗಿ ಬರೆದುಕೊಂಡದ್ದು. ನಿಮ್ಮೂರ ಕನ್ನಡ ವಾಚನಾಲಯದಲ್ಲಿ ಅದು ಇದೆಯಾ ನೋಡಿ. ಇಲ್ಲದಿದ್ರೆ ನಾಲ್ಕು ಜನ ಸೇರಿ ಒಂದು ಪ್ರತಿ ತಂದು ಕೊಡಿ, ಅಲ್ಲಿನ ದಾಖಲೆ ಪುಸ್ತಕದಲ್ಲಿ ಎಂಟ್ರಿ ಮಾಡಿಸಿ, ನಂಬರ್ ಹಾಕಿಸಿಯೇ ಬನ್ನಿ.