ಚಿಕ್ಕಮ್ಮನ ತೋರಣ, ನನ್ನ ಲೆಕ್ಕ

ನಮ್ಮ ಚಿಕ್ಕಮ್ಮ ಶ್ರವಣಬೆಳಗೊಳದಲ್ಲಿದ್ದಾರೆ. ಸಂಜೆ ಅಡುಗೆ ಮುಗಿಸಿ ಜಗುಲಿ ಮೇಲೆ ಕೂತು ಮಣಿ ತೋರಣ ಪೋಣಿಸ್ತಾರೆ. ಕಳೆದ ವರ್ಷ ರಜೆಗೆ ಹೋದಾಗ ನನ್ನೊಳಗಿನ ಸಾಫ್ಟ್‌ವೇರ್ ಇಂಜಿನಿಯರ್ ಎದ್ದು ಕೂತ. "ಚಿಕ್ಕಮ್ಮಾ, ಇದನ್ನ ಆನ್‌ಲೈನ್‌ನಲ್ಲಿ ಮಾರೋಣ!" ಫೋಟೋ ತೆಗೆದೆ, ಇನ್‌ಸ್ಟಾಗ್ರಾಂ ಪುಟ ಮಾಡಿದೆ. ಒಂದು ಗಂಟೆ ಕೆಲಸ. ಊರನ್ನೇ ಉದ್ಧಾರ ಮಾಡಿದಷ್ಟು ಹೆಮ್ಮೆ.

ಬೆಲೆ ಕೇಳಿದ್ರೆ ಚಿಕ್ಕಮ್ಮ 400 ರೂಪಾಯಿ ಅಂದ್ರು. ಮೊದಲ ತಿಂಗಳೇ ಐದು ಹೋದವು. ಎರಡನೇ ತಿಂಗಳು ಫೋನ್ ಬಂತು: "ಸಾಕು ಕಣೋ ಮಗಾ, ಭುಜ ಹಿಡ್ಕೊಂಡಿದೆ."

ಆಗ ಕೂತು ಲೆಕ್ಕ ಹಾಕಿದೆ. ಮಣಿ, ದಾರಕ್ಕೆ 250. ಒಂದು ತೋರಣಕ್ಕೆ ನಾಲ್ಕು ಸಂಜೆ, ಹನ್ನೆರಡು ಗಂಟೆ. ಉಳಿದಿದ್ದು 150. ಅಂದ್ರೆ ಗಂಟೆಗೆ ಹನ್ನೆರಡೂವರೆ ರೂಪಾಯಿ! ನಮ್ಮ ಆಫೀಸ್ ಹತ್ತಿರ ಅಷ್ಟಕ್ಕೆ ಒಂದು ಟೀನೂ ಬರಲ್ಲ. ನಾನು ಅವರಿಗೆ ವ್ಯಾಪಾರ ಮಾಡಿಕೊಟ್ಟಿರಲಿಲ್ಲ, ಅಗ್ಗದ ಕೂಲಿಗೆ ಇನ್ನಷ್ಟು ಗಿರಾಕಿ ಹುಡುಕಿಕೊಟ್ಟಿದ್ದೆ ಅಷ್ಟೇ.

ಚನ್ನಪಟ್ಟಣದ ಬೊಂಬೆಗೆ ಹೆಸರಿದೆ, ಭೌಗೋಳಿಕ ಸೂಚ್ಯಂಕದ ರಕ್ಷಣೆ ಇದೆ. ಆಲೆ ಮರ, ಅರಗಿನ ಬಣ್ಣ ಅಂತ ಕೊಳ್ಳುವವರಿಗೂ ಗೊತ್ತು. ಜಗುಲಿ ಮೇಲಿನ ತೋರಣಕ್ಕೆ ಅಂಥ ಹೆಸರಿಲ್ಲ. ಅದಕ್ಕೇ ಅದು ಯಂತ್ರದಲ್ಲಿ ಮಾಡಿದ ಮಾಲಿನ ಜೊತೆ ಬೆಲೆಯಲ್ಲಿ ಸ್ಪರ್ಧೆಗಿಳಿದ್ರೆ ಸೋಲೋದು ಗ್ಯಾರಂಟಿ. ಅಲ್ಲಿ ಗೆಲ್ಲೋಕೆ ಹೋಗಲೇಬಾರದು ಅನ್ನೋದು ನನ್ನ ವಾದ.

ಗಂಟೆಗೆ 60 ರೂಪಾಯಿ ಕೂಲಿ ಸೇರಿಸಿ 970 ಅಂತ ಬೆಲೆ ಹಾಕಿದೆ, ಅಂಚೆ ಖರ್ಚು ಬೇರೆ. "ಅಷ್ಟೊಂದ್ ದುಡ್ಡು ಯಾರ್ ಕೊಡ್ತಾರೋ? ಇದ್ದ ಗಿರಾಕಿನೂ ಓಡಿಸ್ತೀಯ" ಅಂತ ಚಿಕ್ಕಮ್ಮ ಬೈದ್ರು. ಆ ತಿಂಗಳು ಹೋಗಿದ್ದು ಎರಡೇ. ಆದ್ರೆ ನೋಡಿ, ಐದು ಮಾರಿದಾಗ 60 ಗಂಟೆ ದುಡಿದು ಕೈಗೆ ಬಂದಿದ್ದು 750. ಎರಡು ಮಾರಿದಾಗ 24 ಗಂಟೆಗೆ 1440.

ಸರ್ಕಾರದ ಕಡೆಯಿಂದಲೂ ದಾರಿ ಸ್ವಲ್ಪ ಸಲೀಸಾಗಿದೆ. 2023ರ ಅಕ್ಟೋಬರ್ 1ರಿಂದ, ವಹಿವಾಟು ಮಿತಿಯೊಳಗಿರೋ ಸಣ್ಣವರು ಜಿಎಸ್‌ಟಿ ನೋಂದಣಿ ಇಲ್ಲದೆಯೇ ಆನ್‌ಲೈನ್ ಮಾರುಕಟ್ಟೆ ತಾಣಗಳಲ್ಲಿ ತಮ್ಮ ರಾಜ್ಯದೊಳಗೆ ಸರಕು ಮಾರಬಹುದು. ಪ್ಯಾನ್ ಕೊಟ್ಟು ಒಂದು ದಾಖಲಾತಿ ಸಂಖ್ಯೆ ಪಡೀಬೇಕು, ಅಷ್ಟೇ. ಆದ್ರೆ ತಾಣದ ಕಮಿಷನ್, ವಾಪಸ್ ಬಂದ ಮಾಲಿನ ಖರ್ಚು ಎರಡನ್ನೂ ಬೆಲೆಯಲ್ಲಿ ಮೊದಲೇ ಸೇರಿಸದಿದ್ರೆ ಕೊನೆಗೆ ಕತ್ತರಿ ಬೀಳೋದು ಕೂಲಿಗೇ.

ತಿಂಗಳ ಸಂಬಳ ಎಣಿಸೋ ನನಗೆ ಇದನ್ನೆಲ್ಲ ಹೇಳೋದು ಸುಲಭ, ಒಪ್ತೀನಿ. ಒಂದೂ ಮಾರಾಟವಾಗದ ತಿಂಗಳು ಬಂದ್ರೆ ನಷ್ಟ ಚಿಕ್ಕಮ್ಮಂದು, ನಂದಲ್ಲ. ಅದಕ್ಕೇ ಈಗ ಮಣಿ ದಾರದ ದುಡ್ಡು ನಾನು ಹಾಕ್ತೀನಿ, ಮಾರಿದ ಮೇಲೆ ವಾಪಸ್ ತಗೋತೀನಿ. ಊರಿನವರಿಗೆ ಆನ್‌ಲೈನ್ ಅಂಗಡಿ ಮಾಡಿಕೊಡ್ತೀನಿ ಅಂತ ಹೊರಡೋ ನನ್ನಂಥ ಇಂಜಿನಿಯರುಗಳು ಪುಟ ಮಾಡೋದಕ್ಕೂ ಮೊದಲು ಇಷ್ಟಾದರೂ ಮಾಡಬೇಕು.

ವಿಂಧ್ಯಗಿರಿ ಹತ್ತಿ ಗೊಮ್ಮಟನ್ನ ನೋಡಿ, ಸಾವಿರ ವರ್ಷದ ಹಿಂದಿನ ಕೈಕೆಲಸ ಅಂತ ಬೆರಗಾಗ್ತೀವಿ. ಇಳಿದು ಬಂದು ಕೆಳಗಿನ ಅಂಗಡಿಯಲ್ಲಿ ಇಪ್ಪತ್ತು ರೂಪಾಯಿಗೆ ಚೌಕಾಸಿ ಮಾಡ್ತೀವಿ. ನಾನೂ ಮಾಡಿದೀನಿ. ನೀವು?