ಇಳಿಯುವ ಬೆಲೆ, ಇಳಿಯದ ಖರ್ಚು

ಯಲಹಂಕ ಉಪನಗರದ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ತಂದೆಗೆ ಯಶವಂತಪುರದಲ್ಲಿ ಕೆಲಸ. ಮಗಳಿಗೆ ಹೆಬ್ಬಾಳದ ಬಳಿ ಕಾಲೇಜು. ತಿಂಗಳಿಗೊಮ್ಮೆ ಗೌರಿಬಿದನೂರಿನ ಕಡೆಗೆ ಅಜ್ಜಿಯ ಊರಿಗೆ ಪ್ರಯಾಣ. ಕಾರಿಗೆಂದು ಕೂಡಿಟ್ಟಿರುವುದು 4 ಲಕ್ಷ ರೂಪಾಯಿ. ಅಷ್ಟೇ ಹಣಕ್ಕೆ ಎರಡು ಸೆಕೆಂಡ್ ಹ್ಯಾಂಡ್ ಕಾರುಗಳು ಸಿಗುತ್ತವೆ. ಒಂದು 2014ರಲ್ಲಿ ತಯಾರಾದ ಮೇಲ್ದರ್ಜೆಯ ಹ್ಯಾಚ್‌ಬ್ಯಾಕ್. ಇನ್ನೊಂದು 2019ರಲ್ಲಿ ತಯಾರಾದ ಸಾಧಾರಣ ದರ್ಜೆಯದು.

"ಅಪ್ಪಾ, ಆ ದೊಡ್ಡ ಕಾರಿನ ಬಾಗಿಲು ಹಾಕಿದಾಗ ಎಂಥ ಗಟ್ಟಿ ಸದ್ದು ಬಂತು ನೋಡು" ಎನ್ನುತ್ತಾಳೆ ಮಗಳು.

"ಸದ್ದು ಚೆನ್ನಾಗಿದೆ ಕಣಮ್ಮ. ಆದರೆ ನಾವು ಕೊಳ್ಳುವುದು ಸದ್ದನ್ನಲ್ಲವಲ್ಲ" ಎನ್ನುತ್ತಾರೆ ತಂದೆ.

ಹಾಗಾದರೆ ಕೊಳ್ಳುವುದು ಏನನ್ನು? ಪ್ರಶ್ನೆ ಸರಳವಾಗಿ ಕಂಡರೂ ಇದರಲ್ಲಿ ಪಾಠಪುಸ್ತಕದ ಗಣಿತವೂ ಇದೆ, ಭೌತವಿಜ್ಞಾನವೂ ಇದೆ.

ಎರಡು ದರ್ಜೆ

ಹಿಂಬದಿಯ ಬಾಗಿಲು ಗಾಜಿನ ಸಮೇತ ಮೇಲಕ್ಕೆ ತೆರೆಯುವ ಗಿಡ್ಡ ಕಾರು ಹ್ಯಾಚ್‌ಬ್ಯಾಕ್. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ನಮ್ಮ ಮಧ್ಯಮವರ್ಗಕ್ಕೆ ಇದರ ರುಚಿ ಹತ್ತಿಸಿತು. 2006ರ ಕೇಂದ್ರ ಮುಂಗಡಪತ್ರದಲ್ಲಿ 4 ಮೀಟರಿಗಿಂತ ಉದ್ದವಿಲ್ಲದ ಸಣ್ಣ ಎಂಜಿನ್ನಿನ ಕಾರುಗಳಿಗೆ ಅಬಕಾರಿ ಸುಂಕವನ್ನು ಶೇ 24ರಿಂದ ಶೇ 16ಕ್ಕೆ ಇಳಿಸಲಾಯಿತು. ಆ ಮಿತಿಯೊಳಗೇ ಹೆಚ್ಚು ಸೌಕರ್ಯ ತುಂಬುವ ಪೈಪೋಟಿಯಲ್ಲಿ ಮೇಲ್ದರ್ಜೆಯ ಹ್ಯಾಚ್‌ಬ್ಯಾಕ್‌ಗಳು ಬೆಳೆದವು. ಆಲ್ಟೊ, ವ್ಯಾಗನ್ ಆರ್, ಟಿಯಾಗೊ ಮೊದಲನೆಯ ಸಾಲಿನವು. ಪೋಲೊ, ಐ20, ಜಾಜ್, ಬಲೆನೊ, ಆಲ್ಟ್ರೋಜ್ ಎರಡನೆಯ ಸಾಲಿನವು.

ಅರ್ಧಾಯುವಿನ ಲೆಕ್ಕ

ವಿಮೆಯ ಲೆಕ್ಕದಲ್ಲಿ ಕಾರಿನ ಸವಕಳಿಗೆ ಒಂದು ಪಟ್ಟಿಯಿದೆ. ಮೊದಲ 6 ತಿಂಗಳಿಗೆ ಶೇ 5, ವರ್ಷ ತುಂಬುವ ಹೊತ್ತಿಗೆ ಶೇ 15, ಎರಡು ವರ್ಷಕ್ಕೆ 20, ಮೂರಕ್ಕೆ 30, ನಾಲ್ಕಕ್ಕೆ 40, ಐದಕ್ಕೆ 50. ಎಂದರೆ ಐದು ವರ್ಷದಲ್ಲಿ ಬೆಲೆ ಅರ್ಧ. ವಿಕಿರಣಶೀಲ ವಸ್ತುವಿಗೆ ಅರ್ಧಾಯು ಇರುವಂತೆ ಕಾರಿಗೂ ಒಂದು ಅರ್ಧಾಯು ಇದೆ ಎನ್ನಬಹುದು. ಇದೇ ಗತಿ ಮುಂದುವರಿದರೆ 10 ಲಕ್ಷದ ಕಾರು ಐದು ವರ್ಷಕ್ಕೆ 5 ಲಕ್ಷ, ಹತ್ತು ವರ್ಷಕ್ಕೆ ಎರಡೂವರೆ ಲಕ್ಷ. ಪೇಟೆಯ ಬೆಲೆ ಈ ಪಟ್ಟಿಯಂತೆಯೇ ನಡೆಯುವುದಿಲ್ಲವಾದರೂ ದಿಕ್ಕು ಇದೇ.

ಇಲ್ಲೇ ಹಲವರು ಎಡವುವುದು. ಕಾರಿನ ಬೆಲೆಗೆ ಅರ್ಧಾಯು ಇದೆ, ಅದರ ಬಿಡಿಭಾಗಗಳ ಬೆಲೆಗೆ ಇಲ್ಲ. 10 ಲಕ್ಷದ ಕಾರಿನ ಹೆಡ್‌ಲೈಟು, ಸಸ್ಪೆನ್ಷನ್, ಗೇರ್‌ಪೆಟ್ಟಿಗೆ ಇವೆಲ್ಲ 10 ಲಕ್ಷದ ಕಾರಿಗೆಂದೇ ಮಾಡಿದವು. ಕಾರನ್ನು ಮೂರು ಲಕ್ಷಕ್ಕೆ ಕೊಂಡವರಿಗೆಂದು ಅಂಗಡಿಯವರು ಬೆಲೆ ಇಳಿಸುವುದಿಲ್ಲ. ಕಾರು ಹಳೆಯದಾದಷ್ಟೂ ಬದಲಿಸಬೇಕಾದ ಭಾಗಗಳು ಹೆಚ್ಚುತ್ತವೆ. ಬೆಲೆ ಇಳಿದಂತೆ ಖರ್ಚು ಏರುತ್ತದೆ.

ಬಿಡಿಭಾಗ ಎಲ್ಲಿ ಸಿಗುತ್ತದೆ ಎಂಬುದೂ ಮುಖ್ಯ. ಭಾರತದಲ್ಲಿ ಪೋಲೊ ತಯಾರಿಕೆ 2022ರಲ್ಲಿ ನಿಂತಿತು, ಜಾಜ್ 2023ರಲ್ಲಿ. ಇದರಿಂದ ಬಿಡಿಭಾಗ ಸಿಗುವುದೇ ಇಲ್ಲ ಎಂದಲ್ಲ. ಆದರೆ ಆರ್.ಟಿ. ನಗರದ ಬೀದಿಯ ಮೆಕ್ಯಾನಿಕ್ ವ್ಯಾಗನ್ ಆರ್‌ನ ಕ್ಲಚ್ ಪ್ಲೇಟನ್ನು ಸಂಜೆಯೊಳಗೆ ತರಿಸಿಯಾನು, ಅಪರೂಪದ ಕಾರಿಗೆ ವಾರ ಕಾಯಿಸಿಯಾನು. ಮೇಲ್ದರ್ಜೆಯ ಕಾರು ಬೇಕೇ ಬೇಕೆನ್ನುವವರು ಐ20, ಬಲೆನೊಗಳಂತೆ ಹೆಚ್ಚು ಮಾರಾಟವಾದವನ್ನು ಆರಿಸುವುದು ಲೇಸು.

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ಆಮೇಲೆ ಅರ್ಹತಾ ಪರೀಕ್ಷೆಯಾಗಿ 5 ವರ್ಷಕ್ಕೊಮ್ಮೆ ನವೀಕರಣ. 2014ರ ಕಾರಿಗೆ ಆ ಗಡುವು 2029, 2019ರದಕ್ಕೆ 2034. ಒಂದೇ ಹಣಕ್ಕೆ ಒಂದು ಕಾರಿನಲ್ಲಿ ಐದು ವರ್ಷ ಹೆಚ್ಚು.

ಹೆಬ್ಬಾಳದ ಭೌತವಿಜ್ಞಾನ

ಚಲಿಸುವ ವಸ್ತುವಿನ ಚಲನಶಕ್ತಿ ಅದರ ದ್ರವ್ಯರಾಶಿಯನ್ನು ವೇಗದ ವರ್ಗದಿಂದ ಗುಣಿಸಿದಾಗ ಬರುವುದರ ಅರ್ಧ. 800 ಕಿಲೋಗ್ರಾಂ ಕಾರು ಗಂಟೆಗೆ 36 ಕಿಲೋಮೀಟರ್, ಅಂದರೆ ಸೆಕೆಂಡಿಗೆ 10 ಮೀಟರ್ ವೇಗದಲ್ಲಿದ್ದರೆ ಅದರಲ್ಲಿ 40,000 ಜೂಲ್ ಶಕ್ತಿ. 1000 ಕಿಲೋಗ್ರಾಂ ಕಾರಿನಲ್ಲಿ 50,000 ಜೂಲ್. ಹೆಬ್ಬಾಳದ ಮೇಲ್ಸೇತುವೆಯ ಬಳಿ ಬ್ರೇಕ್ ಒತ್ತಿದಾಗಲೆಲ್ಲ ಈ ಶಕ್ತಿ ಬ್ರೇಕಿನ ಶಾಖವಾಗಿ ಗಾಳಿಗೆ ಹೋಗುತ್ತದೆ. ಮತ್ತೆ ಹೊರಡಲು ಪೆಟ್ರೋಲು ಅಷ್ಟನ್ನೂ ಕೊಡಬೇಕು. ನಿಂತು ನಿಂತು ಸಾಗುವ ದಾರಿಯಲ್ಲಿ ಭಾರದ ಕಾರು ಜೇಬಿಗೂ ಭಾರವಾಗುವುದು ಇದರಿಂದಲೇ. ಜೊತೆಗೆ ಕ್ಲಚ್ಚೂ ಸವೆಯುತ್ತದೆ. ಎರಡು ಕ್ಲಚ್‌ಗಳ ಸ್ವಯಂಚಾಲಿತ ಗೇರ್‌ಪೆಟ್ಟಿಗೆಯಿರುವ ಕಾರನ್ನು ನಗರದಲ್ಲೇ ಓಡಿಸಿದ್ದರೆ, ಅದನ್ನು ಬಲ್ಲವರಿಗೆ ತೋರಿಸದೆ ಕೊಳ್ಳಬಾರದು.

ಇನ್ನೊಂದು ಮಗ್ಗುಲೂ ಉಂಟು. ದೇವನಹಳ್ಳಿಯ ಕಡೆಗಿನ ಎತ್ತರಿಸಿದ ರಸ್ತೆಯಲ್ಲಿ 72 ಕಿಲೋಮೀಟರ್ ವೇಗಕ್ಕೆ ಹೋದರೆ ವೇಗ ಇಮ್ಮಡಿ, ಶಕ್ತಿ ನಾಲ್ಮಡಿ. ಅಲ್ಲಿ ಅಗಲ ಟೈರು, ಒಳ್ಳೆಯ ಬ್ರೇಕು, ಅಲುಗಾಡದ ಸಸ್ಪೆನ್ಷನ್ ಇರುವ ಕಾರು ನೆಮ್ಮದಿ ಕೊಡುತ್ತದೆ. ವಾರಕ್ಕೆ ಮೂರು ದಿನ ಹೆದ್ದಾರಿಯಲ್ಲಿ ಓಡುವವರಿಗೆ ಮೇಲ್ದರ್ಜೆಯ ಕಾರು ಬರಿಯ ಶೋಕಿಯಲ್ಲ.

ಬೆಳ್ಳಗಿರುವುದೆಲ್ಲ ಹಾಲಲ್ಲ

ಮಗಳು ಓಡಿಸುವ ಕಾರು ಎಂದಾಗ ಮೊದಲು ಕೇಳಬೇಕಾದ್ದು ಸುರಕ್ಷತೆಯನ್ನು. ದುಬಾರಿ ಕಾರು ಸುರಕ್ಷಿತ ಎಂಬ ನಂಬಿಕೆ ಅರ್ಧ ಸತ್ಯ. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದ ಐದು ಸಣ್ಣ ಕಾರುಗಳನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಡಿಕ್ಕಿ ಹೊಡೆಸಿ ಪರೀಕ್ಷಿಸಿದ ಫಲಿತಾಂಶ ಪ್ರಕಟಿಸಿತು. ಏರ್‌ಬ್ಯಾಗ್ ಇಲ್ಲದ ಪೋಲೊ ಸಹ ಉಳಿದವುಗಳಂತೆ ದೊಡ್ಡವರ ರಕ್ಷಣೆಯಲ್ಲಿ ಶೂನ್ಯ ತಾರೆ ಪಡೆಯಿತು. ಎರಡು ಏರ್‌ಬ್ಯಾಗ್ ಇದ್ದ ಅದೇ ಪೋಲೊಗೆ 4 ತಾರೆ ಸಿಕ್ಕಿತು. ಮುಂದೆ 2020ರಲ್ಲಿ ಸಾಧಾರಣ ದರ್ಜೆಯ ಟಿಯಾಗೊ 4 ತಾರೆ ಪಡೆದರೆ, 2022ರಲ್ಲಿ ಮೇಲ್ದರ್ಜೆಯ ಐ20ಗೆ ಬಂದದ್ದು 3. ಹೆಸರನ್ನು ನೋಡಿ ನಿರ್ಧರಿಸುವಂತಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಆದ್ದರಿಂದ ತಯಾರಾದ ತಿಂಗಳು, ವರ್ಷ ನೋಡಿ. ಎಬಿಎಸ್ ಬ್ರೇಕು 2019ರ ಏಪ್ರಿಲಿನಿಂದ, ಚಾಲಕರ ಏರ್‌ಬ್ಯಾಗ್ 2019ರ ಜುಲೈನಿಂದ ಕಡ್ಡಾಯವಾದವು. ಪಕ್ಕದ ಆಸನದ ಏರ್‌ಬ್ಯಾಗ್ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾದದ್ದು 2021ರ ಕೊನೆಗೆ. ಅದಕ್ಕೂ ಹಿಂದಿನ ಕಾರಾದರೆ, ಇವು ಇರುವ ಮಾದರಿಯೇ ಎಂದು ಕೇಳಿ ಕಣ್ಣಾರೆ ಕಂಡು ಖಚಿತಪಡಿಸಿಕೊಳ್ಳಬೇಕು.

ನೀರು ಕುಡಿದ ಎಂಜಿನ್

ಉತ್ತರ ಬೆಂಗಳೂರಿನಲ್ಲಿ ಇನ್ನೊಂದು ಎಚ್ಚರ ಬೇಕು. ಯಲಹಂಕದ ಕೇಂದ್ರೀಯ ವಿಹಾರ ವಸತಿ ಸಮುಚ್ಚಯ 2021ರ ನವೆಂಬರಿನಲ್ಲಿ, ಮತ್ತೆ 2024ರ ಅಕ್ಟೋಬರಿನಲ್ಲಿ ಮಳೆನೀರಿನಿಂದ ತುಂಬಿ, ಜನರನ್ನು ದೋಣಿಗಳಲ್ಲಿ ಹೊರತರಬೇಕಾಯಿತು. ನಗರದಲ್ಲಿ ಇಂಥ ನೀರಿನಲ್ಲಿ ಮುಳುಗಿದ ಕಾರು, ತೊಳೆದು ಒರೆಸಿದ ಮೇಲೆ ಮಾರಾಟಕ್ಕೆ ಬರಬಹುದು. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಕುಗ್ಗಿಸಲಾಗದು. ನೀರು ಹೊಕ್ಕ ಎಂಜಿನ್ನನ್ನು ಚಾಲೂ ಮಾಡಿದರೆ ಪಿಸ್ಟನ್ ಮೇಲೇರಲಾರದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಸೀಟ್‌ಬೆಲ್ಟನ್ನು ಪೂರ್ತಿ ಹೊರಗೆಳೆದು ಕೊನೆಯಲ್ಲಿ ಕೆಸರಿನ ಗೆರೆಯಿದೆಯೇ ನೋಡಿ. ನೆಲಹಾಸು ಎತ್ತಿ ಮೂಸಿ ನೋಡಿ. ಎಲೆಕ್ಟ್ರಾನಿಕ್ ಸಲಕರಣೆ ಹೆಚ್ಚಿದ್ದಷ್ಟೂ ನೀರಿನ ಹಾನಿ ಹೆಚ್ಚು. ಈ ವಿಷಯದಲ್ಲಿ ಮೇಲ್ದರ್ಜೆಯ ಕಾರೇ ಹೆಚ್ಚು ಸೂಕ್ಷ್ಮ.

ಕಾಗದಪತ್ರಗಳನ್ನೂ ಮರೆಯಬಾರದು. ಕೆಎ-04 ಯಶವಂತಪುರದ್ದು, ಕೆಎ-50 ಯಲಹಂಕದ್ದು ಎಂದು ತಿಳಿದ ಮಾತ್ರಕ್ಕೆ ಕಾರಿನ ಚರಿತ್ರೆ ತಿಳಿದಂತಲ್ಲ. ಎಷ್ಟನೆಯ ಮಾಲೀಕರು, ಸಾಲ ತೀರಿದೆಯೇ, ದಂಡ ಬಾಕಿ ಇದೆಯೇ ಎಂದು ನೋಡಬೇಕು. ನಮೂನೆ 29 ಮತ್ತು 30 ತುಂಬಿ ವರ್ಗಾವಣೆ ಮುಗಿಸಬೇಕು. ವಿಮೆಯನ್ನು 14 ದಿನದೊಳಗೆ ಹೆಸರಿಗೆ ಮಾಡಿಸಿಕೊಳ್ಳಬೇಕು. 2025ರ ಸೆಪ್ಟೆಂಬರಿನಲ್ಲಿ ಸಣ್ಣ ಕಾರುಗಳ ಜಿಎಸ್‌ಟಿ ಶೇ 18ಕ್ಕೆ ಇಳಿದಿದೆ. ಚೌಕಾಸಿ ಮಾಡುವಾಗ ಮಾರುವವರು ಅಂದು ಕೊಟ್ಟ ಬೆಲೆಯನ್ನಲ್ಲ, ಹೊಸ ಕಾರಿನ ಇಂದಿನ ಬೆಲೆಯನ್ನು ಮುಂದಿಟ್ಟುಕೊಳ್ಳಿ.

ಯಲಹಂಕದ ಆ ಮನೆಗೆ ಯಾವುದು ಸರಿ? ಅವರ ಓಡಾಟವೆಲ್ಲ ಬಹುಪಾಲು ಹೆಬ್ಬಾಳ, ಯಶವಂತಪುರಗಳ ದಟ್ಟಣೆಯಲ್ಲೇ. ಮುಂದೆ ಬರುವ ದುರಸ್ತಿಗೆ ಬೇರೆ ಹಣವಿಲ್ಲ. ಆದ್ದರಿಂದ 2019ರ ಸಾಧಾರಣ ಕಾರು, ಅದರಲ್ಲೂ ಎರಡು ಏರ್‌ಬ್ಯಾಗ್ ಮತ್ತು ಎಬಿಎಸ್ ಇರುವ ಮಾದರಿ. ಪೂರ್ತಿ 4 ಲಕ್ಷವನ್ನೂ ಸುರಿಯದೆ ಮೂರೂವರೆಗೆ ಸಿಗುವುದನ್ನು ಹುಡುಕಿ, 50,000 ರೂಪಾಯಿ ಟೈರು, ಬ್ಯಾಟರಿ, ವಿಮೆಗೆ ಉಳಿಸಿಕೊಂಡರೆ ಇನ್ನೂ ಒಳ್ಳೆಯದು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆನ್ನುವ ಹಿರಿಯರ ಮಾತು ಕಾರಿಗೂ ಸಲ್ಲುತ್ತದೆ.

ಮಾಡಿ ನೋಡಿ: ಮನೆಯ ಅಥವಾ ನೆರೆಯವರ ಕಾರಿನ ಟೈರಿನ ಪಕ್ಕದಲ್ಲಿ ಡಿಒಟಿ ಎಂಬ ಅಕ್ಷರಗಳ ಸಾಲಿನ ಕೊನೆಯ ನಾಲ್ಕು ಅಂಕಿಗಳನ್ನು ಓದಿ. 2319 ಎಂದಿದ್ದರೆ ಆ ಟೈರು 2019ರ 23ನೇ ವಾರದಲ್ಲಿ ತಯಾರಾದದ್ದು. ನಾಲ್ಕೂ ಟೈರುಗಳ ಜೊತೆ ಸ್ಟೆಪ್ನಿಯ ವಯಸ್ಸನ್ನೂ ಬರೆದುಕೊಂಡು ಕಾರಿನ ವಯಸ್ಸಿನೊಡನೆ ಹೋಲಿಸಿ. ಮನೆಯವರು ಕಾರು ನೋಡಲು ಹೊರಟ ದಿನ ಈ ಲೆಕ್ಕವನ್ನು ನೀವೇ ಹೇಳಬಹುದು.